ಮಲಗದ ಕಿವಿ

ಹೋದ ಎಳ್ಳ ಅಮಾವಾಸ್ಯೆಯಂದು ಹೊಲದಲ್ಲಿ ಕಂಡದ್ದೊಂದು ವರ್ಷವಿಡೀ ನನ್ನ ಬೆನ್ನು ಬಿಟ್ಟಿಲ್ಲ. ಆಳಂದ ತಾಲೂಕಿನ ನಮ್ಮೂರಲ್ಲಿ ಆವತ್ತು ಮನೆಯಲ್ಲಿ ಯಾರೂ ಉಳಿಯುವುದಿಲ್ಲ. ಬಜ್ಜಿ, ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿಯ ಗಡಿಗೆ ಎಲ್ಲ ಹೊತ್ತು ಹೊಲ ಸೇರುತ್ತೇವೆ. ತೊಗರಿ ಕಾಯಿ ಕಟ್ಟಿ ಎದೆಮಟ್ಟ ನಿಂತಿತ್ತು. ಪೂಜೆ ಮುಗಿಸಿ, ಹೊಲದ ತುಂಬ ನೈವೇದ್ಯದ ಚರಗ ಚೆಲ್ಲಿ, ಉಣ್ಣಲಿಕ್ಕೆಂದು ಬನ್ನಿ ಗಿಡದ ಕಡೆ ಸಾಲಾಗಿ ಹೊರಟಿದ್ದೆವು. ನಾನು ಮುಂದೆ, ನನ್ನ ಹಿಂದೆ ಅಣ್ಣ, ಅಂದರೆ ನಮ್ಮ ದೊಡ್ಡಪ್ಪನ ಮಗ. ಬದುವಿನ ಪಕ್ಕದ ಎರೆಮಣ್ಣು ಹೆಜ್ಜೆ ಮೂಡುವಷ್ಟು ಮೆತ್ತಗಿತ್ತು. ಸೆರಗು ತೊಗರಿ ಕಡ್ಡಿಗೆ ಸಿಕ್ಕಿತೆಂದು ಬಿಡಿಸಿಕೊಳ್ಳಲು ತಿರುಗಿದೆ. ಎರಡು ಸಾಲು ಇರಬೇಕಾದಲ್ಲಿ ಒಂದೇ ಸಾಲು ಹೆಜ್ಜೆ ಇತ್ತು. ಆರಡಿ ಆಳು ನನ್ನ ಗಿಡ್ಡ ಹೆಜ್ಜೆಗಳ ಮೇಲೇ ಕಾಲಿಟ್ಟುಕೊಂಡು, ಮೊಣಕಾಲು ಬಿಗಿಹಿಡಿದು, ತಲೆ ಬಗ್ಗಿಸಿಕೊಂಡು ಬರುತ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಾಯಿತು. ಕಳ್ಳತನ ಮಾಡುವಾಗ ಸಿಕ್ಕಿಬಿದ್ದವನ ಹಾಗೆ ನಿಂತುಬಿಟ್ಟ. 'ರೂಢಿ ಹೋಗಿಲ್ಲ ಯವ್ವಾ' ಅಂದ.

ಅವನು ಮಿಲ್ಟ್ರಿ ಬಿಟ್ಟು ಬಂದದ್ದು 2017ರಲ್ಲಿ. ನಮ್ಮದೇ ಹೊಲ. ಅವನಪ್ಪ, ಅವನಜ್ಜ ಬಿತ್ತಿದ ಹೊಲ. ಅಲ್ಲಿ ಅವನು ಇಷ್ಟು ವರ್ಷ ಒಂದು ಹೆಜ್ಜೆಯನ್ನೂ ತಾನಾಗಿ ಇಟ್ಟಿಲ್ಲ ಎಂಬುದು ನಮ್ಮ ಮನೆಯ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅಥವಾ ಬಿದ್ದಿತ್ತು, ನಾವು ಅದಕ್ಕೆ ಬೇರೆ ಹೆಸರಿಟ್ಟುಕೊಂಡಿದ್ದೆವು.

ಶಿಸ್ತು ಅಂದೆವು

ನಿವೃತ್ತಿಯಾಗಿ ಬರುವ ಸೈನಿಕನನ್ನು ನಮ್ಮ ಕಡೆ ಹೇಗೆ ಬರಮಾಡಿಕೊಳ್ಳುತ್ತಾರೆ ಎಂಬುದನ್ನು ನಾನು ಬಣ್ಣಿಸಬೇಕಿಲ್ಲ. ಕಲಬುರಗಿ ಸ್ಟೇಷನ್ನಿನಲ್ಲಿ ಕರ್ನಾಟಕ ಎಕ್ಸ್‌ಪ್ರೆಸ್ಸಿನಿಂದ ಇಳಿದದ್ದು, ತೆರೆದ ಜೀಪು, ಡಿಜೆ, ಸೇಬಿನ ಹಾರ, ಊರ ಅಗಸಿಯಲ್ಲಿ ಆರತಿ, ಎಲ್ಲವೂ ಆಯಿತು. ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿ ಕೇಂದ್ರದಲ್ಲಿ ಹತ್ತೊಂಬತ್ತನೆಯ ವಯಸ್ಸಿಗೆ ಭರ್ತಿಯಾದವನು ಮೂವತ್ತಾರಕ್ಕೆ ಮಾಜಿಯಾಗಿ ಬಂದ. ಉಳಿದವರು ಬದುಕು ಕಟ್ಟಿಕೊಳ್ಳಲು ಶುರುಮಾಡುವ ವಯಸ್ಸು ಅದು. ಕಟ್ಟೆಯ ಮೇಲೆ ಮಂದಿ ಅವನನ್ನು ಕೇಳಿದ್ದು ಎರಡೇ ಮಾತು. ಪೆನ್ಶನ್ ಎಷ್ಟು ಬರ್ತದ? ಎಷ್ಟು ಮಂದಿನ್ನ ಹೊಡದಿ?

ಆಮೇಲೆ ಹೊಗಳಿಕೆ ಶುರುವಾಯಿತು. ಖಾನಾವಳಿಗೆ ಹೋದರೆ ಬಾಗಿಲಿಗೆ ಎದುರಾಗಿ, ಗೋಡೆಗೆ ಬೆನ್ನುಕೊಟ್ಟೇ ಕೂರುತ್ತಾನೆ. ಮಲಗುವ ಮುಂಚೆ ಚಿಲಕವನ್ನು ಮೂರು ಸಲ ನೋಡುತ್ತಾನೆ. ಚಪ್ಪಲಿ ಬಿಟ್ಟರೆ ತುದಿ ಬಾಗಿಲ ಕಡೆಗೇ ಇರಬೇಕು, ಕತ್ತಲಲ್ಲಿ ಕಾಲಿಟ್ಟರೆ ಸೀದಾ ಸಿಗುವಂತೆ. ದಾರಿಯಲ್ಲಿ ಯಾರೋ ಬಿಟ್ಟುಹೋದ ಹಾಲಿನ ಕ್ಯಾನೊಂದು ಕಂಡರೆ ಸುತ್ತುಹಾಕಿ ಹೋಗುತ್ತಾನೆ. ನಮ್ಮ ದೊಡ್ಡವ್ವ ಬಂದವರಿಗೆಲ್ಲ ಹೇಳುವಳು, 'ನೋಡ್ರಿ, ಮಿಲ್ಟ್ರಿ ಶಿಸ್ತು ಅಂದ್ರ ಹಿಂಗ.' ನಾನೂ ನನ್ನ ಶಾಲೆಯ ಮಕ್ಕಳಿಗೆ ಅವನ ಉದಾಹರಣೆ ಕೊಟ್ಟಿದ್ದೇನೆ. ಇದನ್ನು ಬರೆಯುವಾಗ ಆ ಮಾತು ನೆನೆದು ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ಒಮ್ಮೆ ಬೀದರಿಗೆ ಹೋಗಿದ್ದೆವು, ನಮ್ಮ ಅಕ್ಕನ ಮನೆಗೆ. ಅಲ್ಲಿಯ ವಾಯುನೆಲೆಯಲ್ಲಿ ಪೈಲಟ್‌ಗಳಿಗೆ ತರಬೇತಿ ನಡೆಯುತ್ತದೆ, ಸೂರ್ಯಕಿರಣ ತಂಡದ ನೆಲೆಯೂ ಅದೇ. ವಿಮಾನಗಳು ಊರ ಮೇಲೆ ಹಾರುವುದು ಬೀದರಿನವರಿಗೆ ಹೊಸದಲ್ಲ, ಆದರೆ ನಮ್ಮ ಹುಡುಗರಿಗೆ ಹಬ್ಬ. ಸದ್ದು ಕೇಳಿದ ಕೂಡಲೇ ಎಲ್ಲ ಮಾಳಿಗೆಗೆ ಓಡಿದರು, ನಾವೂ ಕತ್ತೆತ್ತಿ ನಿಂತೆವು. ಅಣ್ಣನೊಬ್ಬ ಮೇಲೆ ನೋಡಲಿಲ್ಲ. ಎಲ್ಲರ ಕಣ್ಣು ಆಕಾಶದ ಕಡೆ ಇರುವಾಗ ಕೆಳಗೆ ಓಣಿಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಅವನು ಒಂದೊಂದೇ ಬಾಗಿಲು ನೋಡುತ್ತಿದ್ದ.

ಕುರ್ಚಿಯ ಮೇಲಿನ ಶಾಲು

ಬಂದ ವರ್ಷವೇ ಅವನಿಗೆ ಕಪನೂರ ಕಡೆಯ ಒಂದು ದಾಲ್ ಮಿಲ್ಲಿನಲ್ಲಿ ಕಾವಲಿನ ಕೆಲಸ ಸಿಕ್ಕಿತು. ರಾತ್ರಿ ಪಾಳಿಯನ್ನು ಅವನೇ ಕೇಳಿ ತೆಗೆದುಕೊಂಡ. ಹಗಲಿನ ಪಾಳಿ ಕೊಡುತ್ತೇವೆ ಎಂದರೂ ಒಲ್ಲೆ ಎಂದ. ಸಾಹುಕಾರರಿಗೆ ಖುಷಿಯೋ ಖುಷಿ. ತೊಗರಿ ಸುಗ್ಗಿಯಲ್ಲಿ ಅಂಗಳದ ತುಂಬ ಚೀಲ ಇರುತ್ತವೆ, ಇವನು ಬಂದ ಮೇಲೆ ಒಂದು ಚೀಲ ಹೋಗಿಲ್ಲ.

ಎರಡು ವರ್ಷದ ಹಿಂದೆ ಒಂದು ರಾತ್ರಿ ಅವನ ಸಣ್ಣ ಮಗನಿಗೆ ಜ್ವರ ತಲೆಗೇರಿತು. ಅಣ್ಣನ ಹೆಂಡತಿ, ನಮ್ಮ ವೈನಿ, ಅಳುತ್ತ ನನಗೆ ಫೋನ್ ಮಾಡಿದಳು, ಅಣ್ಣನ ಫೋನ್ ಹತ್ತಲಿಲ್ಲ. ನಾನೂ ನನ್ನ ಗಂಡನೂ ಗಾಡಿ ತೆಗೆದುಕೊಂಡು ಮಿಲ್ಲಿಗೆ ಹೋದಾಗ ಎರಡು ಗಂಟೆ. ಗೇಟಿನ ಒಳಗೆ, ಮಂದ ಬಲ್ಬಿನ ಕೆಳಗೆ ಕುರ್ಚಿ. ಕುರ್ಚಿಯಲ್ಲಿ ಶಾಲು ಹೊದ್ದು ಕೂತಿದ್ದಾನೆ. 'ಅಣ್ಣಾ' ಅಂದೆ. ಅಲುಗಲಿಲ್ಲ. ಇನ್ನೊಮ್ಮೆ ಕರೆದೆ. ಬ್ಯಾಟರಿ ಬೆಳಕು ಬಂದು ಮುಖಕ್ಕೆ ಬಿದ್ದದ್ದು ಎಡಗಡೆಯಿಂದ, ತೂಕದ ಕಾಟಾದ ಕೋಣೆಯ ಹಿಂದಿನ ಕತ್ತಲಿನಿಂದ. ಕುರ್ಚಿಯಲ್ಲಿ ಇದ್ದದ್ದು ತೊಗರಿ ಹೊಟ್ಟಿನ ಚೀಲ, ಅದರ ಮೇಲೊಂದು ಸಣ್ಣ ಚೀಲ, ಎರಡಕ್ಕೂ ಸೇರಿಸಿ ಶಾಲು. ಅವನು ಆ ಕುರ್ಚಿಯಲ್ಲಿ ಒಂದು ರಾತ್ರಿಯೂ ಕೂತಿಲ್ಲ. ಗೋಡೆ ಮತ್ತು ಕಾಟಾದ ಕೋಣೆಯ ನಡುವಿನ ಎರಡಡಿ ಸಂದಿಯಲ್ಲಿ ಒಂದು ಕಲ್ಲು ಹಾಕಿಕೊಂಡಿದ್ದಾನೆ. ಕೂತು ಕೂತು ಆ ಶಹಾಬಾದ್ ಕಲ್ಲು ನುಣ್ಣಗಾಗಿತ್ತು. ಬ್ಯಾಟರಿ ಬೆಳಕಿನಲ್ಲಿ ಅದು ಹೊಳೆಯಿತು.

ಬೆಳಗಿನ ಜಾವ ಹುಡುಗನಿಗೆ ಸಲೈನ್ ಹಚ್ಚಿ ಜ್ವರ ಇಳಿಯತೊಡಗಿದ ಮೇಲೆ ಆಸ್ಪತ್ರೆಯ ಹೊರಗೆ ಚಹಾ ಕುಡಿಯುತ್ತ ಕೇಳಿದೆ, 'ಅಣ್ಣಾ, ಅಲ್ಲಿ ಏನಾಗಿತ್ತು?'

'ಏನೂ ಆಗಿಲ್ಲವ್ವ' ಅಂದ. ಚಹಾ ಆರುವತನಕ ಸುಮ್ಮನಿದ್ದ. ಆಮೇಲೆ, 'ಏನೂ ಆಗಲಿಲ್ಲ. ಅದಾ ನೋಡು.'

ಆವತ್ತು ಅವನು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಕಾಶ್ಮೀರದಲ್ಲಿ ರಾಷ್ಟ್ರೀಯ ರೈಫಲ್ಸ್‌ನಲ್ಲಿದ್ದಾಗ ಇಪ್ಪತ್ತಾರು ತಿಂಗಳು ಅವನದು ಬಹುಪಾಲು ರೋಡ್ ಓಪನಿಂಗ್ ಕೆಲಸ. ಸೇನೆಯ ಗಾಡಿಗಳ ಸಾಲು ಹೊರಡುವ ಮುಂಚೆ, ಇನ್ನೂ ಮಂಜು ಇರುವಾಗಲೇ, ರಸ್ತೆಯ ಎರಡೂ ಬದಿಗೆ ನಡೆದು ಬಾಂಬು ಹುಗಿದಿದ್ದಾರೆಯೇ ಎಂದು ನೋಡುವುದು. ಹೊಸದಾಗಿ ಕೆದರಿದ ಮಣ್ಣು, ಮೋರಿಯ ಬಾಯಿ, ಹಾಲಿನ ಕ್ಯಾನು, ಕುಕ್ಕರು, ಹುಲ್ಲಿನಲ್ಲಿ ಒಂದು ತುಂಡು ವೈರು. ಮುಂದಿನವನು ಕಾಲಿಟ್ಟಲ್ಲೇ ಕಾಲಿಡಬೇಕು. ಗಾಡಿಗಳೆಲ್ಲ ದಾಟಿ ಹೋಗುವತನಕ ದಿನವಿಡೀ ಅಲ್ಲೇ ನಿಲ್ಲಬೇಕು. 'ದಿನಾ ಮುಂಜಾನಿ ಇವತ್ತ ಅದ ಅಂತ ಹೋಗೋದು, ಸಂಜಿಗಿ ಇವತ್ತ ಇಲ್ಲ ಅಂತ ಬರೋದು' ಅಂದ. ಆ ಇಪ್ಪತ್ತಾರು ತಿಂಗಳಲ್ಲಿ ಅವನ ತುಕಡಿ ನಡೆದ ರಸ್ತೆಯಲ್ಲಿ ಒಂದೂ ಸಿಡಿಯಲಿಲ್ಲ. ಪಕ್ಕದ ರಸ್ತೆಯಲ್ಲಿ ಸಿಡಿದ ಸುದ್ದಿ ಬರುತ್ತಿತ್ತು. ಹೆಸರು ಬರುತ್ತಿತ್ತು. ಇವನ ಪಾಲಿಗೆ ಕಾಯುವುದೊಂದೇ ಬಂತು.

ಹಾಗಾಗಿ ಅವನ ಹತ್ತಿರ ಹೇಳಲಿಕ್ಕೆ ಕಥೆಯೇ ಇಲ್ಲ. ಗಾಯದ ಕಲೆ ಇಲ್ಲ, ಪದಕ ಇಲ್ಲ. ಕಟ್ಟೆಯ ಮೇಲಿನವರು ಕೇಳುವ ಪ್ರಶ್ನೆಗೆ ಉತ್ತರವೂ ಇಲ್ಲ. ಕಾಲು ಕಳೆದುಕೊಂಡು ಬಂದವರ ಮುಂದೆ 'ನನಗೆ ನಿದ್ದಿ ಬರವಲ್ದು' ಅನ್ನಲಿಕ್ಕೆ ನಾಚಿಕೆ. ಏನೂ ಆಗದವನಿಗೆ ಏನಾದರೂ ಆಗಿರಲು ಹೇಗೆ ಸಾಧ್ಯ ಎಂದು ಅವನೇ ತನ್ನನ್ನು ಕೇಳಿಕೊಂಡು ಬಾಯಿ ಮುಚ್ಚಿಕೊಂಡಿದ್ದ.

ಆ ದಿನದ ನಂತರ ನಾನು ಸಿಕ್ಕಿದ್ದನ್ನೆಲ್ಲ ಓದಿದೆ. 1915ರಲ್ಲಿ, ಮೊದಲನೆಯ ಮಹಾಯುದ್ಧದ ನಡುವೆ, ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯ 'ಶೆಲ್ ಶಾಕ್' ಎಂಬ ಮಾತನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬಳಸಿದ. ತೋಪಿನ ಗುಂಡು ಹತ್ತಿರದಲ್ಲಿ ಸಿಡಿದು ಮಿದುಳು, ನರ ಅದುರಿ ಹೀಗಾಗುತ್ತದೆ ಎಂಬುದು ಆಗಿನ ತಿಳಿವಳಿಕೆ. ಗುಂಡು ಹತ್ತಿರ ಬೀಳದವರಲ್ಲೂ ಅದೇ ನಡುಕ, ಅದೇ ನಿದ್ರಾಹೀನತೆ ಇರುವುದನ್ನು ಆಮೇಲೆ ಅವನೇ ಕಂಡ. ಅಮೆರಿಕದ ಮನೋವೈದ್ಯರ ಕೈಪಿಡಿಗೆ ಪಿಟಿಎಸ್‌ಡಿ, ಅಂದರೆ ಆಘಾತದ ನಂತರವೂ ಕಾಡುವ ಮನೋಬಾಧೆ, ಎಂಬ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದ ಸೈನಿಕರು ಹಟ ಹಿಡಿದ ಮೇಲೆ. ಅದರ ಲಕ್ಷಣಗಳಲ್ಲಿ ಒಂದು, ಅತಿಯಾದ ಎಚ್ಚರ. ಬಾಗಿಲಿಗೆ ಮುಖಮಾಡಿ ಕೂರುವುದು, ಚಿಲಕ ಮತ್ತೆ ಮತ್ತೆ ನೋಡುವುದು, ಗುಂಪಿನಲ್ಲಿ ಕೈಗಳನ್ನೇ ಗಮನಿಸುವುದು. ಆ ಪುಟ ಓದುವಾಗ ನಮ್ಮ ದೊಡ್ಡವ್ವನ ಹೊಗಳಿಕೆಯನ್ನೇ ಯಾರೋ ಪಟ್ಟಿ ಮಾಡಿ ಬರೆದಿದ್ದಾರೆ ಅನ್ನಿಸಿತು.

ಅಜ್ಜಿಗೆ ತಿಳಿದಿತ್ತು

ಮನೆಯಲ್ಲಿ ಒಬ್ಬರಿಗೆ ಮಾತ್ರ ಇದು ಮೊದಲೇ ತಿಳಿದಿತ್ತು. ನಮ್ಮ ಅಜ್ಜಿ ಈಗಿಲ್ಲ. ಅಣ್ಣ ಬಂದ ವಾರದೊಳಗೆ ಅವಳು ಅಂದಿದ್ದಳು, 'ಇವನ ಕಣ್ಣ ಮುಚ್ಚಿದ್ರೂ ಕಿವಿ ಮಲಗವಲ್ವು.' ಮುದುಕಿಯ ಮಾತು ಎಂದು ನಾವು ಬಿಟ್ಟೆವು.

ನಿಜಾಮನ ಪರ ಊರೂರಿಗೆ ದಾಳಿ ಮಾಡುತ್ತಿದ್ದ ರಜಾಕಾರರ ಕಾಲದಲ್ಲಿ ಅವಳು ಹತ್ತು ವರ್ಷದ ಹುಡುಗಿ. ಊರಿಗೆ ದಾಳಿ ಬರುತ್ತದೆಂಬ ಸುದ್ದಿ ಬಂದಾಗಲೆಲ್ಲ ಮನೆಯ ಹೆಣ್ಣುಮಕ್ಕಳನ್ನು ನೆಲದೊಳಗಿನ, ಬರಿದಾದ ಜೋಳದ ಹಗೇವಿನಲ್ಲಿ ಇಳಿಸಿ ಮೇಲೆ ಬಂಡೆ ಎಳೆಯುತ್ತಿದ್ದರಂತೆ. ಕತ್ತಲಲ್ಲಿ ಕೂತು ಮೇಲಿನ ಹೆಜ್ಜೆ ಸದ್ದು ನಮ್ಮವರದೋ ಬೇರೆಯವರದೋ ಎಂದು ಆಲಿಸುವುದು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನದ ಮೇಲೆ ಭಾರತ ಸರ್ಕಾರದ ಪೊಲೀಸ್ ಕಾರ್ಯಾಚರಣೆಯಾಗಿ ಆ ಕಾಲ ಮುಗಿಯಿತು, ಮತ್ತೆ ಆಚೆ ಓಣಿಯವರಿಗೆ ಅಡಗುವ ಸರದಿ ಬಂತು. ಅಜ್ಜಿ ಅದನ್ನೂ ಮುಚ್ಚಿಡದೆ ಹೇಳುತ್ತಿದ್ದಳು. 'ಅವರ ಹೆಣ್ಮಕ್ಕಳ ಕಿವಿನೂ ನನ್ನಂಗೇ ಆಗಿರಬೇಕು' ಅನ್ನುತ್ತಿದ್ದಳು. ಎಪ್ಪತ್ತು ವರ್ಷವಾದರೂ ಅವಳು ಹೆಜ್ಜೆ ಸದ್ದಿನ ಮೇಲೇ ಬಂದವರಾರೆಂದು ಹೇಳುವಳು. ನಾವು ಅದನ್ನು ಅಜ್ಜಿಯ ಚುರುಕುತನ ಅಂದುಕೊಂಡು ನಗುತ್ತಿದ್ದೆವು.

2016ರ ಫೆಬ್ರವರಿಯಲ್ಲಿ ಅಣ್ಣ ರಜೆಗೆ ಬಂದಿದ್ದ. ಸಿಯಾಚಿನ್‌ನಲ್ಲಿ ಹಿಮ ಕುಸಿದು ಹತ್ತು ಸೈನಿಕರು ಹೂತುಹೋದ ದಿನಗಳು. ಧಾರವಾಡ ಜಿಲ್ಲೆಯ ಬೆಟದೂರಿನ ಹನುಮಂತಪ್ಪ ಕೊಪ್ಪದ ಆರು ದಿನ ಹಿಮದಡಿ ಇದ್ದು ಜೀವಂತ ಸಿಕ್ಕರು ಎಂದು ಟಿವಿಯಲ್ಲಿ ಬಂದಾಗ ನಮ್ಮೂರ ಗುಡಿಯಲ್ಲೂ ಪೂಜೆ ನಡೆಯಿತು. 11ನೇ ತಾರೀಖು ಅವರು ದೆಹಲಿಯ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಣ್ಣನೂ ಒಮ್ಮೆ ಮೂರು ತಿಂಗಳು ಆ ಹಿಮದಲ್ಲಿ ಇದ್ದು ಬಂದವನು. ಅವನು ಟಿವಿ ಮುಂದೆ ಕೂರಲಿಲ್ಲ. ಅಜ್ಜಿಯ ಪಕ್ಕ ಪಡಸಾಲೆಯಲ್ಲಿ ಕೂತಿದ್ದ. 'ಆರು ದಿನ ಅವ ಏನ್ ಕೇಳ್ಕೋತ ಇದ್ದಿರಬೇಕು ಅಮ್ಮಾ' ಅಂದ. ಅಜ್ಜಿ ಏನೂ ಅನ್ನಲಿಲ್ಲ, ಅವನ ಕಿವಿಯ ಮೇಲೆ ಅಂಗೈ ಇಟ್ಟಳು. ಹಗೇವಿನಲ್ಲಿ ಅವಳ ಅವ್ವ ಅವಳಿಗೆ ಹಾಗೆ ಮಾಡುತ್ತಿದ್ದಳಂತೆ.

ಎಸ್ ಅಕ್ಷರ

ಇಷ್ಟು ವರ್ಷ ಸೇನೆಯಲ್ಲೇ ಯಾಕೆ ಡಾಕ್ಟರಿಗೆ ಹೇಳಲಿಲ್ಲ ಎಂದು ನೀವು ಕೇಳಬಹುದು, ನಾನೂ ಕೇಳಿದೆ. ಸೇನೆಯ ವೈದ್ಯಕೀಯ ತಪಾಸಣೆಯಲ್ಲಿ 'ಶೇಪ್' ಎಂಬ ಐದು ಅಕ್ಷರದ ಲೆಕ್ಕ ಇದೆ. ಕಿವಿಗೊಂದು, ಕೈಕಾಲಿಗೊಂದು, ದೇಹಶಕ್ತಿಗೊಂದು, ಕಣ್ಣಿಗೊಂದು. ಎಲ್ಲಕ್ಕಿಂತ ಮೊದಲು ಬರುವ 'ಎಸ್' ಅಕ್ಷರ ಮನಸ್ಸಿಗೆ. ಐದರಲ್ಲೂ ಒಂದನೆಯ ದರ್ಜೆ ಬಂದರೆ ಶೇಪ್-ಒನ್, ಪೂರ್ತಿ ಗಟ್ಟಿ. ಕಾಲು ಮುರಿದು ಕೆಟಗರಿ ಇಳಿದರೆ ಯಾರೂ ಏನೂ ಅನ್ನುವುದಿಲ್ಲ. ಎಸ್‌ನಲ್ಲಿ ಇಳಿದರೆ ಬಡ್ತಿ ಕೈತಪ್ಪುವ ಭಯ, ಜೊತೆಯವರ ಕಣ್ಣಿನಲ್ಲಿ 'ಮೆಂಟಲ್ ಕೇಸ್' ಆಗುವ ಭಯ, ಊರಲ್ಲಿ ಸುದ್ದಿಯಾದರೆ ತಂಗಿಯರ ಮದುವೆಯ ಚಿಂತೆ. ಈ ಮೂರರ ನಡುವೆ ನಿದ್ದೆ ಬರುತ್ತಿಲ್ಲ ಎಂದು ಯಾವನು ಹೇಳಿಯಾನು?

ಇದರ ಮೇಲೆ ಮನೆಯ ಫೋನು. ಮೊದಲೆಲ್ಲ 56 ಎಪಿಒ ಎಂಬ ಸೇನೆಯ ಅಂಚೆ ವಿಳಾಸಕ್ಕೆ ಇನ್‌ಲ್ಯಾಂಡ್ ಪತ್ರ ಹೋಗುತ್ತಿತ್ತು. ಅದು ಮುಟ್ಟುವ ಹೊತ್ತಿಗೆ ಇಲ್ಲಿ ಅತ್ತೆ ಸೊಸೆಯ ಜಗಳ ಮುಗಿದು ಇಬ್ಬರೂ ಒಂದೇ ತಾಟಿನಲ್ಲಿ ಉಣ್ಣುತ್ತಿರುತ್ತಿದ್ದರು. ಮೊಬೈಲು ಬಂದ ಮೇಲೆ ಜಗಳ ನಡೆಯುವಾಗಲೇ ಅವನ ಕಿವಿಗೆ. ಪಕ್ಕದ ಹೊಲದವರು ನಮ್ಮ ಬದು ಒತ್ತಿದಾಗ ವೈನಿ ಅಲ್ಲಿಂದಲೇ ಫೋನ್ ಹಿಡಿದು ಅವರ ಬೈಗುಳ ಕೇಳಿಸಿದ್ದಳು. ಅವನು ಎರಡು ಸಾವಿರ ಕಿಲೋಮೀಟರ್ ಆಚೆ ಬಂದೂಕು ಹಿಡಿದು ನಿಂತು ಏನು ಮಾಡಬೇಕಿತ್ತು? ಭೂಮಿಯ ತಂಟೆ, ಮನೆಯ ತಂಟೆ ಜವಾನರ ಮನಸ್ಸು ಕೆಡಿಸುವ ದೊಡ್ಡ ಕಾರಣ ಎಂಬುದನ್ನು ಸೇನೆಯವರೂ ಸರ್ಕಾರವೂ ಒಪ್ಪುತ್ತಾರೆ. ವೈನಿಯನ್ನು ನಾನು ದೂರುತ್ತಿಲ್ಲ, ಅವಳಿಗಾದರೂ ಬೇರೆ ಯಾರಿದ್ದರು.

2022ರಲ್ಲಿ ಸರ್ಕಾರ ಸಂಸತ್ತಿಗೆ ಕೊಟ್ಟ ಉತ್ತರದ ಪ್ರಕಾರ ಅದರ ಹಿಂದಿನ ಐದು ವರ್ಷಗಳಲ್ಲಿ ಮೂರೂ ಪಡೆಗಳಿಂದ 819 ಮಂದಿ ತಾವಾಗಿ ಜೀವ ಕಳೆದುಕೊಂಡಿದ್ದಾರೆ, ಅವರಲ್ಲಿ 642 ಮಂದಿ ಭೂಸೇನೆಯವರು. ಸಿಆರ್‌ಪಿಎಫ್, ಬಿಎಸ್‌ಎಫ್‌ನಂಥ ಕೇಂದ್ರ ಪಡೆಗಳಲ್ಲಿ 2018ರಿಂದ 2022ರವರೆಗೆ 654. ನಮ್ಮ ಜಿಲ್ಲೆಯ ಹುಡುಗರು ಎಲ್ಲ ಪಡೆಗಳಲ್ಲೂ ಇದ್ದಾರೆ, ನಮಗೆ ಎಲ್ಲರೂ ಮಿಲ್ಟ್ರಿಯವರೇ. ಈ ಅಂಕಿಗಳನ್ನು ಓದಿದ ರಾತ್ರಿ ನಾನು ಎದ್ದು ಅಣ್ಣನಿಗೆ ಸುಮ್ಮನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

ಬಡ್ಡಿ

ಸೇನೆಯಲ್ಲಿ ಇಬ್ಬಿಬ್ಬರನ್ನು ಜೋಡಿ ಮಾಡುತ್ತಾರೆ. ಒಬ್ಬನ ಬೆನ್ನಿಗೆ ಇನ್ನೊಬ್ಬ, ಊಟ, ಪಹರೆ, ನಿದ್ದೆ ಎಲ್ಲ ಒಟ್ಟಿಗೆ. ಆ ಜೊತೆಗಾರನನ್ನು 'ಬಡ್ಡಿ' ಅನ್ನುತ್ತಾರೆ. ಅಣ್ಣ ಹೊಸದರಲ್ಲಿ 'ಸಾತಾರದಾಗ ನನ್ನ ಬಡ್ಡಿ ಇದ್ದಾನ' ಎಂದಾಗ ದೊಡ್ಡವ್ವ ಗಾಬರಿಯಾಗಿ 'ಯಾರಿಗಿ ರೊಕ್ಕ ಕೊಟ್ಟೀಯೋ, ಎಷ್ಟು ಬಡ್ಡಿ?' ಎಂದು ಕೇಳಿದ್ದಳು.

ಆ ಸಾತಾರದ ಬಡ್ಡಿ ಹೋದ ಶ್ರಾವಣದಲ್ಲಿ ಗಾಣಗಾಪುರಕ್ಕೆ ದತ್ತನ ದರ್ಶನಕ್ಕೆ ಬಂದವನು ನಮ್ಮೂರಿಗೂ ಬಂದ. ನಮ್ಮದು ಗಡಿಯ ಕಡೆ ಊರು, ದೊಡ್ಡವ್ವನಿಗೆ ಮರಾಠಿ ಸಲೀಸು. ಬಂದವನು ನೀರು ಕುಡಿದು, ಕಾಲುಮುಟ್ಟಿ ನಮಸ್ಕಾರ ಮಾಡಿ, ಕೂತ ಕೂಡಲೇ ಕೇಳಿದ, 'ಝೋಪ್ ಯೇತೇ ಕಾ ತ್ಯಾಲಾ, ಕಾಕೂ?' ಅವನಿಗೆ ನಿದ್ದೆ ಬರುತ್ತದಾ ಕಾಕೂ ಎಂದು. ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಕೇಳಿದ ಮೊದಲ ಮನುಷ್ಯ ಅವನು. ದೊಡ್ಡವ್ವ ಉತ್ತರ ಕೊಡದೆ ಸೆರಗು ಬಾಯಿಗಿಟ್ಟುಕೊಂಡಳು. ಆಗ ನನಗೆ ಗೊತ್ತಾಯಿತು, ಅವಳಿಗೂ ಎಲ್ಲ ಗೊತ್ತಿತ್ತು.

ಆ ಸಾತಾರದವನು ಸೇನೆಯಲ್ಲಿರುವಾಗಲೇ ಡಾಕ್ಟರ ಮುಂದೆ ಹೋಗಿ ನಿಂತಿದ್ದ. ಎಸ್‌ನಲ್ಲಿ ಇಳಿಸಿದರು. ಹವಾಲ್ದಾರ್ ಆಗುವುದು ತಪ್ಪಿತು. ಕೆಲವರು ಅವನ ಜೊತೆ ಪಹರೆಗೆ ನಿಲ್ಲಲು ಹಿಂದೆ ಸರಿದರು. ಅಣ್ಣನೂ ಅವರಲ್ಲಿ ಒಬ್ಬ. ಈ ಮಾತನ್ನು ಅಣ್ಣನೇ ಆವತ್ತು ಎಲ್ಲರ ಮುಂದೆ, ನೆಲ ನೋಡುತ್ತ ಹೇಳಿದ. ಸಾತಾರದವನು 'ಅದೆಲ್ಲ ಬಿಡೋ' ಎಂದು ಅವನ ಬೆನ್ನು ತಟ್ಟಿದ. ಈಗ ಅವನು ನಾಲ್ಕು ಎಮ್ಮೆ ಕಟ್ಟಿದ್ದಾನೆ, ಡೇರಿಗೆ ಹಾಲು ಹಾಕುತ್ತಾನೆ. ಗುಳಿಗೆ ಎರಡು ವರ್ಷ ತೆಗೆದುಕೊಂಡೆ, ಈಗ ಇಲ್ಲ ಎಂದ. ಆ ರಾತ್ರಿ ನಮ್ಮ ಪಡಸಾಲೆಯಲ್ಲಿ ಅವನು ಹಾಸಿದ ಕೂಡಲೇ ಗೊರಕೆ ಹೊಡೆದ. ಅಣ್ಣ ಕಂಬಕ್ಕೆ ಆತುಕೊಂಡು ಅವನನ್ನೇ ನೋಡುತ್ತ ಕೂತಿದ್ದ.

ಮರುದಿನ ಫೋನ್ ಮಾಡಿದ್ದು ವೈನಿ. 14416, ಟೆಲಿ ಮಾನಸ್. 2022ರ ಅಕ್ಟೋಬರಿನಲ್ಲಿ ಶುರುವಾದ ಸಹಾಯವಾಣಿ, ದಿನದ ಯಾವ ಹೊತ್ತಿಗಾದರೂ ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ. ಸೈನಿಕರು ಮತ್ತು ಅವರ ಮನೆಯವರಿಗಾಗಿ 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಒಂದು ಬೇರೆ ಘಟಕವೂ ಶುರುವಾಯಿತು. ಆ ಕಡೆಯ ಹೆಣ್ಣುಮಗಳು ನಲವತ್ತು ನಿಮಿಷ ಮಾತಾಡಿದಳಂತೆ. ಗಂಡನನ್ನು ಕರೆತನ್ನಿ ಎಂದಷ್ಟೇ ಹೇಳಿ ಫೋನ್ ಇಡಲಿಲ್ಲ, ನಿಮಗೆ ನಿದ್ದೆ ಬರುತ್ತದಾ ಎಂದೂ ಕೇಳಿದಳಂತೆ. ವೈನಿ ಅತ್ತದ್ದು ಆಗ. ಗಂಡ ರಾತ್ರಿ ಎದ್ದು ಕೂತಾಗ ಹೆಂಡತಿ ಮಲಗಿದಂತೆ ನಟಿಸುವುದು ಎಷ್ಟು ಮನೆಗಳಲ್ಲಿ ನಡೆದಿದೆಯೋ.

ನಮ್ಮ ರಾಜ್ಯದಲ್ಲಿ ಮನೋಚೈತನ್ಯ ಎಂಬ ಯೋಜನೆಯಡಿ ಮಂಗಳವಾರ ತಾಲೂಕು ಆಸ್ಪತ್ರೆಗಳಲ್ಲಿ ಮನೋವೈದ್ಯರು ನೋಡುತ್ತಾರೆ. ಇದು ನಮ್ಮ ಜನಕ್ಕೆ ಇನ್ನೂ ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ. ಯಾಕೆಂದರೆ ಜಿಲ್ಲಾ ಮಟ್ಟದಲ್ಲಿ ಮನಸ್ಸಿನ ಕಾಯಿಲೆ ನೋಡುವ ವ್ಯವಸ್ಥೆಯನ್ನು ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಮೊದಲು ಕಟ್ಟಿ ನೋಡಿದ್ದೇ ನಮ್ಮ ಭಾಗದ ಬಳ್ಳಾರಿಯಲ್ಲಿ. ಇಡೀ ದೇಶದ ಜಿಲ್ಲಾ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು.

ಅಣ್ಣ ಮೊದಲ ಮಂಗಳವಾರ ಹೋಗಲಿಲ್ಲ. ಎರಡನೆಯದಕ್ಕೆ ಗೇಟಿನತನಕ ಹೋಗಿ ಬಂದ. ಮೂರನೆಯದಕ್ಕೆ ನಾನು ಶಾಲೆಗೆ ರಜೆ ಹಾಕಿ ಜೊತೆಗೆ ಹೋದೆ. ಸಾಲಿನಲ್ಲಿ ಕೂತವರಲ್ಲಿ ನಮ್ಮೂರ ಒಬ್ಬರು ಕಂಡರು. ಅಣ್ಣನ ಕಾಲು ಹಿಂದೆ ಸರಿಯಿತು. ಆ ಮನುಷ್ಯನೇ ಸ್ವಲ್ಪ ಸರಿದು ಬೆಂಚಿನ ಮೇಲೆ ಜಾಗ ಮಾಡಿ, 'ಬಾ ಫೌಜಿ, ಕುಂದ್ರು, ನಂದೂ ಅದೇ ತ್ರಾಸ' ಅಂದರು. ಬೆಂಚು ಬಾಗಿಲಿಗೆ ಬೆನ್ನಾಗಿತ್ತು. ಅಣ್ಣ ಕೂತ. ಅವನ ಕುತ್ತಿಗೆಯ ಹಿಂದೆ ಬೆವರು ಇಳಿಯುವುದು ನನಗೆ ಕಾಣುತ್ತಿತ್ತು, ನಾನು ಎದ್ದು ಅವನ ಬೆನ್ನ ಹಿಂದೆ, ಬಾಗಿಲ ಹತ್ತಿರ ಹೋಗಿ ನಿಂತೆ.

ಗುಳಿಗೆ ನಡೆದಿದೆ. ಹದಿನೈದು ದಿನಕ್ಕೊಮ್ಮೆ ಮಾತಿಗೆ ಹೋಗುತ್ತಾನೆ. ಕೆಲವು ದಿನ ನಾಲ್ಕು ತಾಸು ಮಲಗುತ್ತಾನೆ, ಕೆಲವು ದಿನ ಇಲ್ಲ. ಮಿಲ್ಲಿನಲ್ಲಿ ಹಗಲಿನ ಪಾಳಿ ಕೇಳಿದ್ದಾನೆ, ಸಾಹುಕಾರರು ಸುಗ್ಗಿ ಮುಗಿಯಲಿ ಅಂದಿದ್ದಾರೆ.

ಮೊನ್ನೆ ಮತ್ತೆ ಎಳ್ಳ ಅಮಾವಾಸ್ಯೆ. ಮತ್ತೆ ಅದೇ ಬದು, ಎದೆಮಟ್ಟ ತೊಗರಿ, ತಲೆಯ ಮೇಲೆ ಅಂಬಲಿಯ ಗಡಿಗೆ. ನಾನು ಮುಂದೆ, ಅವನು ಹಿಂದೆ. ಈ ಸಲ ತಿರುಗಿ ನೋಡಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಹಿಂದಿನಿಂದ ಅವನೇ ಅಂದ, 'ತಂಗಿ, ನಿನ್ನ ಹೆಜ್ಜಿ ಭಾಳ ಸಣ್ಣವು. ಕಾಲು ನೋಯ್ಲತ್ತಾವ.'

ಗಡಿಗೆಯನ್ನು ಕೈಯಿಂದ ಗಟ್ಟಿ ಹಿಡಿದುಕೊಂಡು ಬನ್ನಿ ಗಿಡದವರೆಗೂ ಆದಷ್ಟು ದೊಡ್ಡ ಹೆಜ್ಜೆ ಇಟ್ಟೆ.